ಒಂದೇ ದಶಮಿ, ಎರಡು ಗಟ್ಟಿಮೇಳ

ಸಾರಕ್ಕಿ ತಿಮ್ಮರಾಯಪ್ಪ ಎಂದರೆ ಯಾರು ಅಂತ ಜಯನಗರದ ಹಳಬರನ್ನು ಕೇಳಿ ನೋಡಿ. "ಓ, ವಿಮಾನದ ಓಲಗದವನಾ?" ಎನ್ನುತ್ತಾರೆ. ಇದು ಶುದ್ಧ ಅನ್ಯಾಯ. ಮನುಷ್ಯ ಜೀವಮಾನವೆಲ್ಲ ನಾಗಸ್ವರ ಊದಿದ್ದಾನೆ. ವಿಮಾನದಲ್ಲಿ ಕೂತದ್ದು ಒಂದೇ ಒಂದು ಸಲ, ಅದೂ ಒಂದು ಗಂಟೆಯ ಹೊತ್ತು. ಆದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಇರಲಿ, ಆ ಒಂದು ಗಂಟೆಯ ಕಥೆಯನ್ನೇ ಸರಿಯಾಗಿ ಹೇಳಿಬಿಟ್ಟರೆ ಮಿಕ್ಕ ಜೀವಮಾನವೂ ಅದರೊಳಗೆ ಬಂದುಬಿಡುತ್ತದೆ.

ತಿಮ್ಮರಾಯಪ್ಪ ಹುಟ್ಟಿದಾಗ ಸಾರಕ್ಕಿ ಹಳ್ಳಿ. ಅವನಿಗೆ ಮೀಸೆ ಮೂಡಿದಾಗಲೂ ಹಳ್ಳಿಯೇ. ಅವನಪ್ಪ ಚಳಿಗಾಲದ ಮುಂಜಾನೆ ಅವನನ್ನು ಕೆರೆ ಏರಿಯ ಮೇಲೆ ಕೂರಿಸಿ, ನಡುಗುವ ತುಟಿಗೆ ನಾಗಸ್ವರ ಇಟ್ಟು, "ಊದು. ಆಚೆ ದಡದ ಎಮ್ಮೆ ತಲೆ ಎತ್ತಿ ನೋಡೋಗಂಟ ಊದು" ಎನ್ನುತ್ತಿದ್ದ. ಎಮ್ಮೆಗಳಿಗೆ ಸಂಗೀತದಲ್ಲಿ ಅಷ್ಟು ಸುಲಭವಾಗಿ ಆಸಕ್ತಿ ಹುಟ್ಟುವುದಿಲ್ಲ. ಹಾಗಾಗಿ ಹುಡುಗನ ಉಸಿರು ಗಟ್ಟಿಯಾಯಿತು. ಆಮೇಲೆ ಹೊಲಗಳಲ್ಲಿ ರಾಗಿ ಹೋಗಿ ಸೈಟುಕಲ್ಲು ಬಂದವು, ಹೊಲಕ್ಕೆ ಜೆ.ಪಿ. ನಗರ ಎಂದು ಹೆಸರಾಯಿತು, ಪಕ್ಕದ ಜಯನಗರದಲ್ಲಿ ಬ್ಲಾಕಿಗೊಂದು ಛತ್ರ ಎದ್ದಿತು. ಹೊಲ ಕಳಕೊಂಡವರು ಹಣೆ ಹಣೆ ಚಚ್ಚಿಕೊಂಡರು. ಓಲಗದವರ ಮನೆಗೆ ಮಾತ್ರ ಮದುವೆಗಳು ತಾವಾಗಿ ನಡೆದುಕೊಂಡು ಬಂದವು.

ಮದುವೆಗಳ ಹಿಂದೆಯೇ ಶನಿಯೂ ಬಂತು. ಶನಿ ಬಂದದ್ದು ಗ್ರಾಮಫೋನ್ ಪ್ಲೇಟಿನ ರೂಪದಲ್ಲಿ. ದೊಡ್ಡ ವಿದ್ವಾಂಸರ ನಾಗಸ್ವರವೇ ಮೈಕಿನಲ್ಲಿ ಮೊಳಗುವಾಗ, ಬೆವರು ಸುರಿಸುವ, ಎಲೆಯಡಿಕೆ ಕೇಳುವ, ಊಟಕ್ಕೆ ಕೂರುವ ಓಲಗದವರು ಯಾಕೆ ಬೇಕು ಎಂದು ಕೆಲವು ಬುದ್ಧಿವಂತರು ಲೆಕ್ಕ ಹಾಕಿದರು. ಎಪ್ಪತ್ತರ ದಶಕದ ಶುರುವಿನಲ್ಲಿ ಒಂದು ಮದುವೆಯಲ್ಲಿ ತಿಮ್ಮರಾಯಪ್ಪನನ್ನು ಬಾಗಿಲಿಗೆ ಶೋಭೆ ಎಂಬಂತೆ ಕೂರಿಸಿ, ಮುಹೂರ್ತಕ್ಕೆ ಪ್ಲೇಟು ಹಾಕಲು ಹೊರಟರು. ಆಗ ಎದ್ದು ನಿಂತವರು ಬನಶಂಕರಿಯ ಚೂಡಾಮಣಿ ಅಮ್ಮನವರು. ಮದುಮಗಳಿಗೆ ದೊಡ್ಡಮ್ಮ, ಒಂಬತ್ತು ಗಜದ ಸೀರೆ, ಸಣ್ಣ ಮೈ, ದೊಡ್ಡ ಗಂಟಲು. "ತಗಡು ಹಾಡಿದ್ರೆ ತಗಡೇ ಆಶೀರ್ವಾದ ಮಾಡ್ಲಿ. ನಾನು ಅಕ್ಷತೆ ಹಾಕಲ್ಲ," ಎಂದರು. ದೊಡ್ಡಮ್ಮನ ಅಕ್ಷತೆಯಿಲ್ಲದ ಮದುವೆ ಯಾರಿಗೆ ಬೇಕು? ಪ್ಲೇಟು ಪೆಟ್ಟಿಗೆ ಸೇರಿತು, ತಿಮ್ಮರಾಯಪ್ಪ ಊದಿದ. ಅಂದಿನಿಂದ ಆ ಮನೆಯ ಉಪನಯನ, ಸೀಮಂತ, ಮದುವೆ ಎಲ್ಲಕ್ಕೂ ಅವನೇ. ಅವನಿಗೆ ಅವರ ಮೇಲೆ ಇದ್ದದ್ದು ಬರೀ ಗೌರವವಲ್ಲ, ಹೆತ್ತ ತಾಯಿಯ ಮೇಲಿನಂಥ ಪ್ರೀತಿ.

ಇನ್ನು ವೀಳ್ಯದ ವಿಷಯ. ಓಲಗ ಗೊತ್ತುಮಾಡುವವರು ಓಲಗದವರ ಮನೆಗೆ ಬಂದು ವೀಳ್ಯದೆಲೆ, ಅಡಿಕೆ, ಮೇಲೊಂದು ನಾಣ್ಯ ಇಟ್ಟು ದಿನ ಹೇಳಿ ಹೋಗುವುದು ಪದ್ಧತಿ. ಯಜಮಾನ ಇಲ್ಲದಿದ್ದರೆ ಹೆಂಡತಿ ಸೆರಗೊಡ್ಡಿ ತೆಗೆದುಕೊಂಡು ದೇವರ ದೀಪದ ಮುಂದೆ ಇಡುತ್ತಾಳೆ. ದೀಪದ ಮುಂದೆ ಕೂತ ವೀಳ್ಯ ವಾಪಸು ಹೋಗುವುದಿಲ್ಲ. ಹೆಣ ಬಿದ್ದರೆ ಮಾತು ಬೇರೆ. "ಸಾರಕ್ಕಿಯವರು ವೀಳ್ಯ ತಿಂತಾರೆ, ಮಾತು ತಿನ್ನಲ್ಲ" ಎಂದು ತಿಮ್ಮರಾಯಪ್ಪನ ಅಪ್ಪ ಎದೆ ತಟ್ಟಿ ಹೇಳುತ್ತಿದ್ದ. ಅದೇ ಆ ಮನೆಯ ಆಸ್ತಿ.

ಎಂಬತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ಆ ಆಸ್ತಿಗೆ ಕುತ್ತು ಬಂತು. ಜಯನಗರ ನಾಲ್ಕನೆಯ ಬ್ಲಾಕಿನ ಚಕ್ರಪಾಣಿ ತನ್ನ ಮಗಳ ಮದುವೆಗೆ ವೀಳ್ಯ ತಂದ. ಆತ ವಿಮಾನದ ಟಿಕೆಟ್ ಮಾಡಿಕೊಡುವ ಕಚೇರಿಯೊಂದರಲ್ಲಿ ಗುಮಾಸ್ತ. ಎಲ್ಲದಕ್ಕೂ ತಾರೀಖು, ಎಲ್ಲದಕ್ಕೂ ವೇಳೆ. "ಮೇ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಮುಹೂರ್ತ" ಎಂದು ತಿಮ್ಮರಾಯಪ್ಪನ ಕೈಗೇ ಇಟ್ಟು ಹೋದ. ಅದಾದ ಕೆಲವು ದಿನಕ್ಕೆ, ತಿಮ್ಮರಾಯಪ್ಪ ಕೋಣನಕುಂಟೆಯಲ್ಲೊಂದು ನಾಮಕರಣಕ್ಕೆ ಹೋಗಿದ್ದಾಗ, ಚೂಡಾಮಣಿ ಅಮ್ಮನವರು ಆಟೋದಲ್ಲಿ ಬಂದು ಇಳಿದರು. ಅವರ ಮಗ ಸೀನು ಬ್ಯಾಂಕಿನ ಮ್ಯಾನೇಜರ್ ಆಗಿ ಮಂಗಳೂರಿಗೆ ವರ್ಗವಾಗಿದ್ದ. ಅಮ್ಮನೂ ಮಗನ ಜೊತೆ ಅಲ್ಲೇ ಇದ್ದರು. ಮೊಮ್ಮಗಳು ವಾರಿಜಾಳ ಮದುವೆ ಮಂಗಳೂರಿನಲ್ಲೇ, ಸಾಯಂಕಾಲದ ಗೋಧೂಳಿ ಲಗ್ನ.

"ವೈಶಾಖ ಶುದ್ಧ ದಶಮಿ ಕಣೇ ಮಾರಮ್ಮ," ಎಂದು ಅಮ್ಮನವರು ತಿಮ್ಮರಾಯಪ್ಪನ ಹೆಂಡತಿಯ ಸೆರಗಿಗೆ ವೀಳ್ಯ ಕೊಟ್ಟರು. "ಸೀನು ಟೇಪ್ ರೆಕಾರ್ಡರ್ ತಂದಿಟ್ಕೊಂಡಿದಾನೆ. ಓಲಗ ಯಾಕಮ್ಮ, ಗುಂಡಿ ಒತ್ತಿದ್ರೆ ಆಯ್ತು ಅಂತಾನೆ. ತಿಮ್ಮರಾಯ ಬಂದ್ರೆ ಓಲಗ, ಬರ್ದಿದ್ರೆ ಗುಂಡಿ ಅಂತ ಅವನಿಗೆ ಮಾತು ಕೊಟ್ಟು ಬಂದಿದೀನಿ. ನನ್ನ ಮರ್ಯಾದೆ ನಿಮ್ಮನೇಲಿದೆ."

ಮಾರಮ್ಮನಿಗೆ ಇಂಗ್ಲಿಷ್ ತಿಂಗಳುಗಳ ಪರಿಚಯವಿಲ್ಲ. ಅವಳ ಲೋಕ ನಡೆಯುವುದು ಹುಣ್ಣಿಮೆ ಅಮಾವಾಸ್ಯೆಗಳ ಮೇಲೆ. ಗಂಡ ಬಂದಾಗ "ಅಮ್ಮಾವ್ರ ಮೊಮ್ಮಗಳ ಮದ್ವೆ, ಮಂಗ್ಳೂರಲ್ಲಿ, ದಶಮಿಗೆ" ಎಂದಳು. ಗಂಡ ಸಂತೋಷದಿಂದ ತಲೆಯಾಡಿಸಿದ. ಜಯನಗರದ ಮದುವೆ ಅವನ ತಲೆಯಲ್ಲಿ ತಾರೀಖಿನ ಗೂಟಕ್ಕೆ ನೇತುಬಿದ್ದಿತ್ತು, ಮಂಗಳೂರಿನದು ತಿಥಿಯ ಗೂಟಕ್ಕೆ. ಒಂದು ಗೂಟಕ್ಕೂ ಇನ್ನೊಂದಕ್ಕೂ ಸಂಬಂಧವಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಅವನ ಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಎರಡೂ ಒಂದೇ ಚೌಕದೊಳಗೆ ತೆಪ್ಪಗೆ ಕೂತಿದ್ದವು. ಕ್ಯಾಲೆಂಡರನ್ನು ಅವರು ಇಟ್ಟುಕೊಂಡಿದ್ದದ್ದು ಅದರ ಮೇಲಿನ ಲಕ್ಷ್ಮಿಯ ಚಿತ್ರಕ್ಕಾಗಿ.

ಅಕ್ಷಯ ತದಿಗೆಯ ದಿನ ಮಾರಮ್ಮ ಹೊಸ ಮಡಕೆಗೆ ನೀರು ತುಂಬುತ್ತ ಕೇಳಿದಳು: "ಇನ್ನೇನ್ ಬಂದೇಬುಡ್ತು. ಮಂಗ್ಳೂರಿನ್ ಬಸ್ಸಿಗೆ ಚೀಟಿ ಮಾಡಿಸ್ದ್ರಾ?"

"ಅದಿನ್ನೂ ದೂರ ಐತೆ ಕಣೇ. ಈ ಬರೋ ಗುರುವಾರ ಜಯನಗರದ್ದು. ಅದ್ ಮುಗೀಲಿ."

"ಏನ್ ದೂರ? ಇವತ್ತು ತದಿಗೆ. ತದಿಗೆ ಆದ್ಮೇಲೆ ದಶಮಿ ಯಾವತ್ತು ಬತ್ತದೆ, ಎಣಿಸ್ಕಳಿ."

ತಿಮ್ಮರಾಯಪ್ಪ ನಗುತ್ತಲೇ ಬೆರಳು ಮಡಚಿದ. ಚೌತಿ ಶುಕ್ರವಾರ, ಪಂಚಮಿ ಶನಿವಾರ, ಷಷ್ಠಿ ಭಾನುವಾರ. ನವಮಿ ಬುಧವಾರಕ್ಕೆ ಬಂದಾಗ ನಗು ನಿಂತಿತು. ಮುಂದಿನ ಬೆರಳನ್ನು ಮಡಚುವ ಧೈರ್ಯ ಅವನಿಗಾಗಲಿಲ್ಲ. ಅದನ್ನು ಮಾರಮ್ಮನೇ ಮಡಚಿದಳು. "ದಶಮಿ, ಗುರುವಾರ," ಎಂದು ಹೇಳಿದವಳೇ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡು ಮಡಕೆಯ ಪಕ್ಕ ಕುಸಿದಳು.

ಸುದ್ದಿ ಕೇಳಿ ಬಾಮೈದ ಯಲ್ಲಯ್ಯ ಓಡಿ ಬಂದ. ಯಲ್ಲಯ್ಯ ಮೇಳದ ಡೋಲಿನವನು. ಬಾರಿಸುವುದರಲ್ಲಿ ಹುಲಿ, ಸಲಹೆ ಕೊಡುವುದರಲ್ಲಿ ಇಲಿ. "ಬಾವ, ಮಂಗ್ಳೂರಿಗೆ ಬೇರೆ ಯಾರ್ನಾರ ಕಳ್ಸಾನ. ಅಷ್ಟು ದೂರದಾಗೆ ಯಾರ್ ಊದಿದ್ರು ಅಂತ ಯಾರ್ ನೋಡ್ತಾರೆ?" ಎಂದ.

"ಅಮ್ಮಾವ್ರು ನೋಡ್ತಾರೆ," ಎಂದ ತಿಮ್ಮರಾಯಪ್ಪ. "ವೀಳ್ಯ ಇಟ್ಟಿರೋದು ನನ್ನ ದೀಪದ ಮುಂದೆ. ಬೇರೆಯವ್ರು ಹೋದ್ರೆ ಸೀನಪ್ಪ ಗುಂಡಿ ಒತ್ತೋದೇ ವಾಸಿ."

ಅವನಿಗೆ ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಬೆಳಿಗ್ಗೆ ಜಯನಗರದಲ್ಲಿ ತಾಳಿ ಕಟ್ಟಿಸಿ ಬಸ್ಸು ಹತ್ತಿದರೆ ಮಂಗಳೂರು ತಲುಪುವಷ್ಟರಲ್ಲಿ ಮದುವೆಯ ಊಟವೂ ಮುಗಿದು ಎಲೆ ಎತ್ತಿರುತ್ತಾರೆ. ಊಟ ತಿಂಡಿ ಸೇರದೆ ಎರಡು ದಿನ ಒದ್ದಾಡಿ, ಕೊನೆಗೆ ತಪ್ಪೊಪ್ಪಿಕೊಂಡು ಕೈಮುಗಿಯುವುದೊಂದೇ ದಾರಿ ಎಂದು ಚಕ್ರಪಾಣಿಯ ಮನೆಗೆ ಹೋದ. ಚಕ್ರಪಾಣಿ ನಡುಮನೆಯಲ್ಲಿ ಕೂತು ಲಗ್ನಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಿದ್ದ. ವಿಷಯ ಕೇಳುತ್ತಿದ್ದ ಹಾಗೇ ಕೆಂಡವಾದ.

"ಏನ್ರೀ ಇದು ತಿಮ್ಮರಾಯಪ್ಪ! ಮದುವೆ ಅಂದ್ರೆ ಆಟ ಅನ್ಕೊಂಡ್ರಾ? ವಾರ ಇಲ್ಲ, ಈಗ ಬಂದು ಎರಡು ಕಡೆ ಒಪ್ಕೊಂಡಿದೀನಿ ಅಂತೀರಲ್ಲ! ಇನ್ನೊಂದು ಎಲ್ಲಿ?"

"ಮಂಗ್ಳೂರು, ಸ್ವಾಮಿ. ಗೋಧೂಳಿ ಲಗ್ನ."

ಚಕ್ರಪಾಣಿಯ ಸಿಟ್ಟು ಅರ್ಧದಲ್ಲೇ ನಿಂತಿತು. ಎರಡು ಊರಿನ ಹೆಸರು ಕಿವಿಗೆ ಬಿದ್ದರೆ ಸಾಕು, ಆ ಮನುಷ್ಯನಿಗೆ ಮಿಕ್ಕಿದ್ದೆಲ್ಲ ಮರೆತುಹೋಗುತ್ತಿತ್ತು. ಹಗಲೆಲ್ಲ ಅವನು ಯೋಚಿಸುತ್ತಿದ್ದದ್ದು ಅದನ್ನೇ: ಇಲ್ಲಿಂದ ಅಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತು. ಹೆಂಡತಿ ತೌರಿಗೆ ಹೋಗುತ್ತೇನೆಂದು ಮುನಿಸಿಕೊಂಡರೂ ದಾರಿಯ ಲೆಕ್ಕ ಒಪ್ಪಿಸುವ ಜಾತಿ.

"ಗೋಧೂಳಿನಾ?" ಎಂದ. ಒಂದು ಪತ್ರಿಕೆಯನ್ನು ತಿರುವಿ ಹಾಕಿ ಅದರ ಬೆನ್ನಿನ ಮೇಲೆ ಅರಿಶಿನದ ಬೆರಳಿನಲ್ಲಿ ಎರಡು ಚುಕ್ಕೆ ಇಟ್ಟ. "ನೋಡಿ ಇಲ್ಲಿ. ಇದು ನಮ್ಮ ಏರ್‌ಪೋರ್ಟು, ಇದು ಬಜ್ಪೆ, ಮಂಗಳೂರಿಂದು. ಬಸ್ಸಿನವನು ಹೋಗೋದು ಹೀಗೆ." ಬೆರಳು ಸೊಟ್ಟಸೊಟ್ಟಗೆ ಹಾಸನದ ಕಡೆ ಏರಿ, ಘಟ್ಟದಲ್ಲಿ ಹಾವಿನ ಹಾಗೆ ಹೊರಳಿ ಇಳಿಯಿತು. "ಮುನ್ನೂರೈವತ್ತು ಕಿಲೋಮೀಟರ್ ಆಗತ್ತೆ. ಘಟ್ಟ ಇಳಿಯೋ ಹೊತ್ತಿಗೆ ಹೊಟ್ಟೇಲಿರೋದೆಲ್ಲ ಕಿಟಕಿಯಾಚೆ. ಈಗ ವಿಮಾನ ನೋಡಿ." ಒಂದೇ ಎಳೆತ, ನೆಟ್ಟಗೆ, ಒಂದು ಚುಕ್ಕೆಯಿಂದ ಇನ್ನೊಂದಕ್ಕೆ. "ಎರಡು ಏರ್‌ಪೋರ್ಟೂ ಪೂರ್ವ ಪಶ್ಚಿಮಕ್ಕೆ ಒಂದೇ ಗೆರೆ ಮೇಲಿವೆ ಕಣ್ರೀ! ಎಡಕ್ಕಿಲ್ಲ, ಬಲಕ್ಕಿಲ್ಲ. ಮುನ್ನೂರು ಕಿಲೋಮೀಟರು. ಒಂದು ಗಂಟೆ. ಹತ್ತಿದ್ರಿ, ಕಾಫಿ ಕುಡಿದ್ರಿ, ಇಳಿದ್ರಿ. ಮಧ್ಯಾಹ್ನದ ಮೇಲೆ ಒಂದು ಫ್ಲೈಟಿದೆ."

ತಿಮ್ಮರಾಯಪ್ಪ ಆ ಹಳದಿ ಗೆರೆಯನ್ನೇ ನೋಡಿದ. ಬೀದಿ ಮೂಲೆಯ ಎಣ್ಣೆ ಅಂಗಡಿಯಿಂದ ಮನೆಗೆ ಹೋಗುವ ದಾರಿಯಷ್ಟು ಸಲೀಸಾಗಿ ಕಾಣುತ್ತಿತ್ತು. "ನಾನಾ, ಸ್ವಾಮಿ? ವಿಮಾನದಾಗೆ?" ಎಂದ.

"ಮತ್ತೆ ಯಾರು, ನಿಮ್ಮ ನಾಗಸ್ವರ ಒಂದೇ ಹೋಗುತ್ತಾ? ಡೋಲು, ಶ್ರುತಿಪೆಟ್ಟಿಗೆ ಹಿಂದಿನ ರಾತ್ರಿ ಬಸ್ಸಲ್ಲಿ ಹೋಗ್ಲಿ, ಇಲ್ಲಿಗೆ ಬೇರೆ ಡೋಲಿನವರನ್ನ ಕರೆಸೋಣ. ನೀವೊಬ್ರು ಹಾರಿ. ಆದ್ರೆ ಒಂದು ಮಾತು," ಎಂದು ಚಕ್ರಪಾಣಿ ಬೆರಳೆತ್ತಿದ. "ಅಲ್ಲಿಗೆ ಓಡಬೇಕು ಅಂತ ನನ್ನ ಮಗಳ ಮುಹೂರ್ತದಲ್ಲಿ ಒಂದು ಸ್ವರ ಅವಸರ ಮಾಡಿದ್ರೆ, ಟಿಕೆಟ್ ಹರಿದು ಹಾಕ್ತೀನಿ."

ಎರಡು ಮದುವೆಯ ಸಂಭಾವನೆಯೂ ಟಿಕೆಟ್ಟಿಗೇ ಹೋಯಿತು. "ತಪ್ಪು ಇಬ್ರದೂ. ಹೋಗ್ಬನ್ನಿ," ಎಂದಷ್ಟೇ ಹೇಳಿ ಮಾರಮ್ಮ ರೇಷ್ಮೆ ಶಲ್ಯವನ್ನು ಗಂಜಿ ಹಾಕಿ ಒಣಗಿಸಿದಳು.

ಗುರುವಾರ ಬಂತು. ಜಯನಗರದ ಛತ್ರದಲ್ಲಿ ತಿಮ್ಮರಾಯಪ್ಪ ಊದಿದ್ದನ್ನು ಕೇಳಿದವರು ಇವತ್ತಿಗೂ ಮರೆತಿಲ್ಲ. ಅವಸರದ ಮಾತು ಹಾಗಿರಲಿ, ಕಾಶಿಯಾತ್ರೆಗೆ ಹೊರಟ ಮದುಮಗ ಛತ್ರಿ ಹಿಡಿದು ಇವನ ರಾಗ ಮುಗಿಯಲೆಂದು ಬಾಗಿಲಲ್ಲೇ ಕಾದು ನಿಂತ. ಗಟ್ಟಿಮೇಳ ಮುಗಿದು ಅಕ್ಷತೆ ಬಿದ್ದ ಮೇಲೆ ಚಕ್ರಪಾಣಿಯೇ ಬೆವರು ಒರೆಸಿಕೊಳ್ಳುತ್ತ ಬಂದು, "ಏಳ್ರೀ, ಏಳಿ! ಕಾರು ನಿಂತಿದೆ!" ಎಂದು ಎಬ್ಬಿಸಿದ. ನಿಂತಿದ್ದದ್ದು ಮದುಮಗನ ಅಂಬಾಸಡರ್. ಮೈತುಂಬ ಸೇವಂತಿಗೆ, ಮುಂದೆ ಎರಡು ಬಾಳೆಕಂದು, ಹಿಂದೆ ಥರ್ಮಕೋಲಿನಲ್ಲಿ ಗಂಡು ಹೆಣ್ಣಿನ ಹೆಸರು. ಬೇರೆ ಕಾರು ಸಿಗಲಿಲ್ಲವೋ, ಚಕ್ರಪಾಣಿಗೆ ಬೇರೆ ಹೊಳೆಯಲಿಲ್ಲವೋ. ದಾರಿಯುದ್ದಕ್ಕೂ ಸಿಗ್ನಲ್ಲಿನಲ್ಲಿ ಹೆಂಗಸರು ಮದುಮಕ್ಕಳನ್ನು ನೋಡಲು ಬಗ್ಗಿ ಇಣುಕುತ್ತಿದ್ದರು. ಒಳಗೆ ನರೆಗೂದಲಿನ ಗಂಡಸೊಬ್ಬ ಉದ್ದನೆಯ ಚೀಲ ತಬ್ಬಿಕೊಂಡು ಒಬ್ಬನೇ ಕೂತಿರುವುದನ್ನು ಕಂಡು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ವಿಮಾನ ನಿಲ್ದಾಣದ ಪೊಲೀಸಿನವನಿಗೆ ಆ ಚೀಲ ಹಿಡಿಸಲಿಲ್ಲ. ಮುಟ್ಟಿ ನೋಡಿದ, ಗಟ್ಟಿ ಕೊಳವೆ. "ಏನಿದು? ಬಂದೂಕಾ?" ಎಂದ.

"ನಾಗಸ್ವರ, ಸಾರ್."

"ಎಲ್ಲಿ, ಊದು ನೋಡೋಣ."

"ವೀಳ್ಯ ಇಲ್ದೆ ಊದಲ್ಲ, ಸಾರ್. ನಮ್ಮಲ್ಲಿ ಪದ್ಧತಿ ಇಲ್ಲ."

ಪೊಲೀಸಿನವನು ಕಣ್ಣು ಕೆಕ್ಕರಿಸಿದ. ಹಿಂದೆ ಸೂಟುಬೂಟಿನವರ ಸಾಲು ಗೊಣಗತೊಡಗಿತು. ಸಾಲಿನಲ್ಲಿದ್ದ ಹಿರಿಯರೊಬ್ಬರು ಜೇಬಿನಿಂದ ಒಂದು ಅಡಿಕೆ ತೆಗೆದು ತಿಮ್ಮರಾಯಪ್ಪನ ಅಂಗೈಗೆ ಇಟ್ಟು, "ಎಲೆ ಇಲ್ಲಪ್ಪಾ, ಅಡಿಕೆ ಇದೆ. ನಡೆಯತ್ತಾ?" ಎಂದರು. ಆಪತ್ಕಾಲಕ್ಕೆ ನಡೆಯುತ್ತದೆ ಎಂದು ಅವನಿಗೂ ಅನ್ನಿಸಿತು. ಒಂದು ಎಳೆ ಬಿಲಹರಿ ರಾಗ ಊದಿದ. ಆ ಎತ್ತರದ ಸೂರಿನ ಕೆಳಗೆ ಅದು ಎಂಥ ಮೊಳಗು ಮೊಳಗಿತೆಂದರೆ ತೂಕ ನೋಡುತ್ತಿದ್ದವರು ತಕ್ಕಡಿ ಬಿಟ್ಟು ತಲೆ ಎತ್ತಿದರು. "ಹೋಗಿ, ಹೋಗಿ," ಎಂದ ಪೊಲೀಸಿನವನು, ಈ ಸಲ ಬಹುವಚನದಲ್ಲಿ.

ವಿಮಾನದೊಳಗೆ ಹುಡುಗಿಯೊಬ್ಬಳು ತಟ್ಟೆಯಲ್ಲಿ ಪೆಪ್ಪರ್‌ಮಿಂಟು ತಂದಳು. ಪ್ರಸಾದದ ಹಾಗೆ ಎರಡೂ ಕೈಯೊಡ್ಡಿ ತೆಗೆದುಕೊಂಡ ತಿಮ್ಮರಾಯಪ್ಪ ಅದನ್ನು ಮಾರಮ್ಮನಿಗೆಂದು ಶಲ್ಯದ ತುದಿಗೆ ಗಂಟು ಹಾಕಿಕೊಂಡ. ಎಲ್ಲರೂ ಚೀಪುತ್ತಿದ್ದರು. ಎಷ್ಟು ದೊಡ್ಡ ಮನುಷ್ಯರಾದರೂ ಪೆಪ್ಪರ್‌ಮಿಂಟಿನ ಆಸೆ ಬಿಟ್ಟಿಲ್ಲವಲ್ಲ ಎಂದು ಒಳಗೇ ನಕ್ಕ. ನೆಲ ಜಾರಿ ಕೆಳಗೆ ಹೋದಾಗ ನಾಗಸ್ವರದ ಚೀಲವನ್ನು ಅವುಚಿಕೊಂಡ. ಆಮೇಲೆ ಕಿಟಕಿಯಲ್ಲಿ ಕೆರೆಗಳು ಕಂಡವು, ಒಂದೊಂದೂ ತಾಂಬೂಲದ ತಟ್ಟೆಯಷ್ಟು. ಅವುಗಳಲ್ಲಿ ತನ್ನ ಸಾರಕ್ಕಿ ಕೆರೆ ಯಾವುದೋ ಎಂದು ಹುಡುಕಿದ. ಅಪ್ಪ ಬದುಕಿದ್ದು ಇದನ್ನು ನೋಡಬೇಕಿತ್ತು ಎನ್ನಿಸಿ ಕಣ್ಣು ತುಂಬಿ ಬಂತು. ನಾಚಿಕೆಯೇನೂ ಆಗಲಿಲ್ಲ.

ಒಂದು ಗಂಟೆ ಎಂದು ಚಕ್ರಪಾಣಿ ಹೇಳಿದ್ದು ಸುಳ್ಳಲ್ಲ. ಗಂಟೆಗೆ ಸರಿಯಾಗಿ ಸಮುದ್ರ ಕಂಡಿತು. ಆದರೆ ಇಳಿಯಬೇಕಾದ ಗುಡ್ಡದ ಮೇಲೆ ಮೋಡ ಕವುಚಿಕೊಂಡಿತ್ತು. ವಿಮಾನ ಬಾಗಿತು, ಸುತ್ತಿತು, ಮತ್ತೆ ಸಮುದ್ರ, ಮತ್ತೆ ಗುಡ್ಡ. ಮುನ್ನೂರು ಕಿಲೋಮೀಟರನ್ನು ಎಡಕ್ಕೂ ಬಲಕ್ಕೂ ತಿರುಗದೆ ಬಂದದ್ದು ಬಾಗಿಲಿಗೆ ಬಂದ ಮೇಲೆ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ತಿಮ್ಮರಾಯಪ್ಪನ ಎದೆಯಲ್ಲಿ ಡೋಲು. ಹೊರಗೆ ಬಿಸಿಲು ಕೆಂಪಗಾಗುತ್ತಿತ್ತು. ಕೊನೆಗೊಮ್ಮೆ ಮೋಡ ಹರಿದು ವಿಮಾನ ಥಟ್ಟನೆ ಕೆಳಗಿಳಿಯಿತು. ಹಾಗೆ ಇಳಿಯುವಾಗ ಅವನ ಎರಡು ಕಿವಿಗೂ ಯಾರೋ ಹಸಿ ಜೇಡಿಮಣ್ಣು ಮೆತ್ತಿದಂತಾಯಿತು. ಕಿವಿ ಕಟ್ಟದಿರಲೆಂದೇ ಎಲ್ಲರಿಗೂ ಪೆಪ್ಪರ್‌ಮಿಂಟು ಕೊಟ್ಟಿದ್ದರು, ಇವನದು ಶಲ್ಯದ ಗಂಟಿನಲ್ಲಿತ್ತು.

ಟ್ಯಾಕ್ಸಿಯವನು ಏನೋ ಕೇಳಿದ. ಬಾಯಿ ಆಡುವುದು ಕಂಡಿತೇ ಹೊರತು ಮಾತು ಬಾವಿಯ ತಳದಿಂದ ಬಂದಂತೆ ಬಂತು. "ಕದ್ರಿ, ಕಲ್ಯಾಣಮಂಟಪ, ಬೇಗ!" ಎಂದು ತಿಮ್ಮರಾಯಪ್ಪ ಕಿರುಚಿದ. ಕಿರುಚಿದ್ದು ಅವನಿಗೆ ತಿಳಿಯಲಿಲ್ಲ, ಟ್ಯಾಕ್ಸಿಯವನು ಬೆಚ್ಚಿದ್ದರಿಂದ ತಿಳಿಯಿತು. ಗುಡ್ಡದ ತಿರುವುಗಳಲ್ಲಿ ಕಾರು ಹೊರಳುತ್ತಿದ್ದಾಗ ಅವನು ಕಿವಿ ತಿಕ್ಕಿದ, ತಲೆ ಕೊಡವಿದ, ಎಂಜಲು ನುಂಗಿದ. ಏನು ಮಾಡಿದರೂ ಬಿಡಲಿಲ್ಲ. ಮೈ ಮಂಗಳೂರಿಗೆ ಬಂದಿತ್ತು, ಕಿವಿ ಇನ್ನೂ ಘಟ್ಟದ ಮೇಲೆಯೇ ಇತ್ತು.

ಆಗ ಅವನಿಗೆ ನಿಜವಾದ ಭಯ ಹುಟ್ಟಿತು. ಬೆರಳಿಗೆ ಸ್ವರದ ಜಾಗ ಗೊತ್ತು. ಆದರೆ ನಾಗಸ್ವರದಲ್ಲಿ ಅರ್ಧ ಕೆಲಸ ಬೆರಳಿನದು, ಅರ್ಧ ಉಸಿರಿನದು. ಉಸಿರಿಗೆ ದಾರಿ ತೋರಿಸುವುದು ಕಿವಿ. ಕೇಳಿಸದೆ ಊದಿದರೆ ಶ್ರುತಿ ಎಲ್ಲಿಗೆ ಜಾರುತ್ತದೋ ಶಿವನೇ ಬಲ್ಲ. ಮಾತು ಉಳಿಸಿಕೊಳ್ಳಲು ಆಕಾಶದಲ್ಲಿ ಬಂದವನು, ಇಡೀ ಮದುವೆಮನೆಯ ಎದುರು ಅಪಸ್ವರ ಊದಿ ಅಮ್ಮನವರ ತಲೆ ತಗ್ಗಿಸಬೇಕೇ? ಕ್ಯಾಸೆಟ್ಟಿಗೂ ಕಿವಿಯಿಲ್ಲ, ಈಗ ನನಗೂ ಇಲ್ಲ. ಹಾಗಿದ್ದ ಮೇಲೆ ಅದಕ್ಕೂ ನನಗೂ ಏನು ವ್ಯತ್ಯಾಸ ಎಂದು ಅವನು ತನ್ನನ್ನೇ ಕೇಳಿಕೊಂಡ. ಉತ್ತರ ಸಿಗುವ ಮೊದಲೇ ಕಾರು ಚಪ್ಪರದ ಮುಂದೆ ನಿಂತಿತು.

ಒಳಗೆ ಅಂತರಪಟ ಹಿಡಿದಾಗಿತ್ತು. ಮಂಟಪದ ಪಕ್ಕದ ಮೇಜಿನ ಮೇಲೆ ಹೊಸ ಟೇಪ್ ರೆಕಾರ್ಡರ್, ಅದರ ಬಾಯಿಗೆ ಮೈಕು. ಸೀನು ಒಂದು ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಪುರೋಹಿತರ ಮುಖವನ್ನೇ ನೋಡುತ್ತಿದ್ದ. ಯಲ್ಲಯ್ಯ ಡೋಲು ಹೂಡಿಕೊಂಡು ಕೂತಿದ್ದ. ಅವನ ಮುಖ ಮಗು ಕಳಕೊಂಡವನ ಮುಖದಂತಿತ್ತು. ಚೂಡಾಮಣಿ ಅಮ್ಮನವರು ಮಾತ್ರ ಮಂಟಪದ ಕಡೆ ನೋಡದೆ, ಕತ್ತು ತಿರುಗಿಸಿ, ಬಾಗಿಲನ್ನೇ ನೋಡುತ್ತ ಕೂತಿದ್ದರು. ತಿಮ್ಮರಾಯಪ್ಪ ಒಳಗೆ ಕಾಲಿಟ್ಟ. ಅಮ್ಮನವರು ಏನೋ ಕೂಗಿದರು. ಕೇಳಿಸಲಿಲ್ಲ, ಆದರೆ ಸೀನುವಿನ ಬೆರಳು ಗುಂಡಿಯಿಂದ ಸರ್ರನೆ ಮೇಲೆದ್ದುದರಿಂದ ಏನು ಕೂಗಿದರೆಂದು ಗೊತ್ತಾಯಿತು.

ಅವನು ಯಲ್ಲಯ್ಯನ ಎದುರು ಕೂತ. ಎಂದೂ ಪಕ್ಕದಲ್ಲಿ ಕೂರುವವನು ಅಂದು ಎದುರಿಗೆ ಕೂತ. ಕಿವಿ ತೋರಿಸಿ ಇಲ್ಲವೆಂದು ಕೈಯಾಡಿಸಿದ. ಯಲ್ಲಯ್ಯನ ಕಣ್ಣು ಅಗಲವಾದವು. ಈ ಯಲ್ಲಯ್ಯನದೊಂದು ಚಾಳಿ: ಶ್ರುತಿ ಕೂದಲೆಳೆಯಷ್ಟು ಕೆಳಗೆ ಜಾರಿದರೆ ಅವನ ಮೂಗು ಸೊಟ್ಟಗಾಗುತ್ತದೆ, ಮೇಲೆ ಹೋದರೆ ಹುಬ್ಬು ಏರುತ್ತದೆ. ಇಪ್ಪತ್ತು ವರ್ಷ ಆ ಮೂಗನ್ನು ಬೈದುಕೊಂಡೇ ಬಂದಿದ್ದ ತಿಮ್ಮರಾಯಪ್ಪ ಈಗ ಅದರ ಮೇಲೆ ದೃಷ್ಟಿ ನೆಟ್ಟ. ಕ್ಯಾಸೆಟ್ಟಿಗೆ ಬಾಮೈದ ಇರುವುದಿಲ್ಲ. ಅವನು ಕೇಳಿಕೊಂಡಿದ್ದ ಪ್ರಶ್ನೆಗೆ ಉತ್ತರ ಅದೇ ಎಂದು ಹೊಳೆದು, ಭಯದ ನಡುವೆಯೂ ನಗು ಬಂತು.

ಪುರೋಹಿತರ ಕೈ ಮೇಲೆದ್ದಿತು. ಬಾಯಿ ಅಗಲವಾಗಿ ತೆರೆಯಿತು. "ಗಟ್ಟಿಮೇಳ, ಗಟ್ಟಿಮೇಳ!"

ತಿಮ್ಮರಾಯಪ್ಪ ಕೆನ್ನೆ ಉಬ್ಬಿಸಿ ಊದಿದ. ಏನೂ ಕೇಳಿಸಲಿಲ್ಲ. ತಲೆಬುರುಡೆಯಲ್ಲಿ ಒಂದು ಝೇಂಕಾರ, ಹಲ್ಲಿನಲ್ಲಿ ಒಂದು ನಡುಕ, ಅಷ್ಟೆ. ಯಲ್ಲಯ್ಯನ ಮೂಗು ಸೊಟ್ಟಗಾಯಿತು. ಉಸಿರು ಬಿಗಿ ಮಾಡಿದ. ಮೂಗು ನೆಟ್ಟಗಾಯಿತು. ಹುಬ್ಬು ಏರಿತು, ತುಸು ಸಡಿಲಿಸಿದ. ಹುಬ್ಬು ಇಳಿಯಿತು. ಯಲ್ಲಯ್ಯನ ಕೈಯೆರಡೂ ಡೋಲಿನ ಮೇಲೆ ಮಳೆಗರೆಯುತ್ತಿದ್ದವು, ಮುಖ ಮಾತ್ರ ದೀಪದ ಹಾಗೆ ಅಲುಗಾಡದೆ ದಾರಿ ತೋರಿಸುತ್ತಿತ್ತು. ಅಂತರಪಟ ಸರಿಯಿತು. ವಾರಿಜಾ ತಲೆ ಬಾಗಿಸಿದಳು. ಮದುಮಗನ ಕೈ ತಾಳಿಯ ಗಂಟು ಹುಡುಕುತ್ತಿತ್ತು. ಗಟ್ಟಿಮೇಳ ಏರಬೇಕು, ಇನ್ನೂ ಏರಬೇಕು. ತಿಮ್ಮರಾಯಪ್ಪ ಇದ್ದಬದ್ದ ಉಸಿರನ್ನೆಲ್ಲ ಹೊಟ್ಟೆಯ ತಳದಿಂದ ಎತ್ತಿ ತುಂಬಿದ. ಕತ್ತಿನ ನರ ಉಬ್ಬಿ, ಕಣ್ಣು ಹೊರಬಂದು, ಮುಖ ಕುಂಕುಮದಂತೆ ಕೆಂಪಾಯಿತು.

ಟಪ್ ಎಂದು ಬಲಗಿವಿ ಬಿಚ್ಚಿತು. ಹಿಂದೆಯೇ ಎಡಗಿವಿ.

ಎಲ್ಲವೂ ಒಮ್ಮೆಲೇ ಒಳಗೆ ನುಗ್ಗಿತು. ಡೋಲು, ಶ್ರುತಿ, ಹೆಂಗಸರ ಬಳೆ, ಅಕ್ಷತೆ ಚಿಮ್ಮುವ ಸದ್ದು, "ಬಂದ್ನಲ್ಲೋ ಸೀನು, ಬಂದ್ನಲ್ಲೋ ನನ್ನ ತಿಮ್ಮರಾಯ!" ಎಂಬ ಅಮ್ಮನವರ ಗಂಟಲು. ಅದೆಲ್ಲದರ ಮೇಲೆ ಒಂದು ನಾಗಸ್ವರ. ಯಾರದಪ್ಪಾ ಇದು, ಇಷ್ಟು ಚೆಂದ, ಎಂದು ಒಂದು ಗಳಿಗೆ ಬೆರಗಾದ. ಆಮೇಲೆ ಅದು ತನ್ನದೇ ಎಂದು ತಿಳಿಯಿತು. ಅಷ್ಟು ವರ್ಷ ಊದಿದ್ದರೂ ತನ್ನ ನಾದವನ್ನು ಅವನು ಹೊರಗಿನವನ ಹಾಗೆ, ಮೊದಲನೇ ಸಲ ಎಂಬಂತೆ ಕೇಳಿರಲಿಲ್ಲ. ಮೈಯೆಲ್ಲ ರೋಮಾಂಚನವಾಯಿತು. ಹೆಮ್ಮೆ ಆಯಿತು, ಮುಚ್ಚುಮರೆಯಿಲ್ಲದ ಹೆಮ್ಮೆ.

ತಾಳಿಯ ಮೂರು ಗಂಟೂ ಬಿದ್ದವು. ಸಾಕು ಎಂದು ಪುರೋಹಿತರು ಕೈ ಎತ್ತಿದರು. ಆ ಕೈ ಎದ್ದ ಕೂಡಲೇ ನಿಲ್ಲಿಸುವುದು ಓಲಗದವನ ಧರ್ಮ, ತಿಮ್ಮರಾಯಪ್ಪ ಎಂದೂ ಅದನ್ನು ಮೀರಿದವನಲ್ಲ. ಅಂದು ಮೀರಿದ. ಗಟ್ಟಿಮೇಳದಿಂದ ಹಾಗೇ ಆನಂದಭೈರವಿಗೆ ಇಳಿದು, ಯಲ್ಲಯ್ಯನ ಕಡೆ ಕಣ್ಣು ಮಿಟುಕಿಸಿ, ಊದುತ್ತಲೇ ಹೋದ. ಪುರೋಹಿತರು ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತೊಡೆಯ ಮೇಲೆ ಇಳಿಸಿಕೊಂಡು ತಾಳ ಹಾಕತೊಡಗಿದರು. ಸೀನು ಟೇಪ್ ರೆಕಾರ್ಡರಿನಿಂದ ಮೈಕು ಕಿತ್ತು ತಂದು ನಾಗಸ್ವರದ ಬಾಯಿಗೆ ಹಿಡಿದುಕೊಂಡು, ರಾಗ ಮುಗಿಯುವವರೆಗೂ ಹಾಗೇ ನಿಂತಿದ್ದ.